ಕೋಳಿ ಮೇವಿಗೆ ಬೆರೆಸೋ ಆ ಪುಡಿ ಯಾವುದು ಗೊತ್ತಾ?

‘ಜಾಸ್ತಿ ತಿನ್ಬೇಡ ಪುಟ್ಟಿ, ಬ್ರಾಯ್ಲರ್ ಅದು. ಅದೇನೇನೋ ಪುಡಿ ಹಾಕಿ ಬೆಳೆಸ್ತಾರೆ...’

ಈ ಮಾತನ್ನು ನೀವೂ ಎಲ್ಲಾದರೂ ಆಡಿರ್ತೀರಿ, ಇಲ್ಲಾ ಪಕ್ಕದ ಮನೆಯವರ ಬಾಯಲ್ಲಿ ಕೇಳಿರ್ತೀರಿ. ನಾನೂ ಆಡಿದೆ. ಆದರೆ ಆಡಬಾರದ ಜಾಗದಲ್ಲಿ ಆಡಿದೆ! ನಾದಿನಿಯ ಮಗನ ಮದುವೆಯ ಬೀಗರೂಟ. ಪಂಕ್ತಿಯಲ್ಲಿ ನಾನು, ನನ್ನ ಮಗಳು. ಬಡಿಸುತ್ತಿದ್ದವಳು ನಾದಿನಿಯೇ. ಎಲೆಯ ಮೇಲಿದ್ದದ್ದು ಅವಳ ಸ್ವಂತ ಫಾರಂನ ಕೋಳಿ. ಮಗಳ ಕಿವಿಯಲ್ಲಿ ಹೇಳಿದೆ ಅಂದುಕೊಂಡಿದ್ದೆ. ನಾದಿನಿ ಸೌಟು ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು.

ಅವಳು ಏನೂ ಅನ್ನಲಿಲ್ಲ. ಮುಂದಿನ ಎಲೆಗೆ ಹೋದಳು. ಅಷ್ಟೇ. ಆಮೇಲೆ ಅವಳ ಫೋನು ಕಡಿಮೆಯಾಯಿತು. ಗೌರಿ ಹಬ್ಬಕ್ಕೆ ಬಾಗಿನ ತಗೊಳ್ಳೋಕೆ ಪ್ರತಿ ವರ್ಷ ಬರುವವಳು ಆ ವರ್ಷ ‘ಬ್ಯಾಚ್ ಇದೆ’ ಅಂತ ಬರಲಿಲ್ಲ. ನಮ್ಮತ್ತೆ ನನ್ನ ಮುಖ ನೋಡಿದರು, ಮಾತಾಡಲಿಲ್ಲ. ಅದು ಇನ್ನೂ ಕಷ್ಟ.

ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು ಅಂತ ಒಳಗೊಳಗೇ ವಾದ ಮಾಡಿಕೊಳ್ಳುತ್ತಿದ್ದೆ ಅನ್ನಿ. ಯಾಕೆಂದರೆ ಪುಡಿಯನ್ನು ನಾನು ಕಣ್ಣಾರೆ ಕಂಡಿದ್ದೆ! ಮದುವೆ ಕೆಲಸಕ್ಕೆ ಅಂತ ಹೋದಾಗ ಅವಳ ಅಡುಗೆಮನೆ ಕಪಾಟಿನಲ್ಲಿ, ಹಪ್ಪಳದ ಡಬ್ಬದ ಪಕ್ಕ, ಕೋಳಿ ಚಿತ್ರ ಇದ್ದ ಒಂದು ಪ್ಯಾಕೆಟ್. ಒಳಗೆ ತಿಳಿ ಕಂದು ಬಣ್ಣದ ಪುಡಿ. ಮೇಲೆ ಇಂಗ್ಲಿಷಿನಲ್ಲಿ ‘ಎಂಜೈಮ್’ ಅಂತ ಏನೋ. ಅಷ್ಟು ಸಾಕಾಯಿತು ನನಗೆ. ಪೇಟೆಯಲ್ಲಿ ಕೇಳಿದ ಇಂಜೆಕ್ಷನ್ ಕತೆ, ಹಾರ್ಮೋನ್ ಕತೆ ಎಲ್ಲ ಆ ಪ್ಯಾಕೆಟ್‌ಗೆ ಅಂಟಿಸಿಬಿಟ್ಟೆ.

ದಸರಾ ರಜೆಗೆ ಅತ್ತೆಯೇ ಹೊರಡಿಸಿದರು. ‘ಮಗಳ ಮನೆಗೆ ಹೋಗ್ಬೇಕು, ನೀನೂ ಬಾ.’ ತುಮಕೂರಿನಿಂದ ಆಚೆ, ರಸ್ತೆಯಿಂದ ಸ್ವಲ್ಪ ಒಳಗಿದೆ ಅವರ ತೋಟ. ಎರಡು ಸಾವಿರ ಕೋಳಿಯ ಒಂದು ಶೆಡ್. ಕಂಪನಿಯೇ ಮರಿ, ಮೇವು ಎಲ್ಲ ಕೊಟ್ಟು ಸಾಕುವ ಕೂಲಿ ಕೊಡುವ ಕರಾರಿನ ಫಾರಂಗಳೇ ಈಗ ಹೆಚ್ಚು. ಇವರದು ಹಾಗಲ್ಲ, ಸ್ವಂತದ್ದು. ಫೀಡನ್ನೂ ತಾವೇ ಮಿಕ್ಸ್ ಮಾಡಿಸಿಕೊಳ್ತಾರೆ. ಹೋದ ದಿನ ಸಂಜೆ ನಾದಿನಿ ಕಾಫಿ ಕೊಟ್ಟು ಅಂದಳು, ‘ಅತ್ತಿಗೆ, ನಾಳೆ ಫೀಡ್ ಕಲಸ್ತೀವಿ. ನೀವೇ ಬಂದು ನಿಂತು ನೋಡಿ. ಏನ್ ಹಾಕ್ತೀವಿ, ಏನ್ ಬಿಡ್ತೀವಿ ಅಂತ.’

ಏನು ಹೇಳಲಿ? ಹೋದೆ.

ಅದರಲ್ಲಿ ಇರೋದೇನು?

ಬ್ರಾಯ್ಲರ್ ಕೋಳಿಯ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮುಸುಕಿನ ಜೋಳ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಅಂತಾರಲ್ಲ, ಅದೇ. ಅದರ ನಂತರ ಎಣ್ಣೆ ತೆಗೆದ ಸೋಯಾ ಹಿಂಡಿ. ಇನ್ನು ಸ್ವಲ್ಪ ಎಣ್ಣೆ, ಸುಣ್ಣದ ಕಲ್ಲಿನ ಪುಡಿ, ಡಿಸಿಪಿ ಅಂತ ಕರೆಯೋ ರಂಜಕದ ಪುಡಿ, ಉಪ್ಪು, ವಿಟಮಿನ್ನು, ಖನಿಜಗಳ ಮಿಶ್ರಣ, ಒಂದೆರಡು ಅಮೈನೋ ಆಮ್ಲ. ಕೊನೆಯಲ್ಲಿ ಅದೇ, ನಮ್ಮ ಪ್ಯಾಕೆಟ್!

ಎಷ್ಟು ಹಾಕ್ತಾರೆ ಅಂತ ಗಮನವಿಟ್ಟು ನೋಡಿದೆ. ಒಂದು ಟನ್ ಮೇವಿಗೆ, ಅಂದರೆ ಸಾವಿರ ಕಿಲೋಗೆ, ನೂರು ಗ್ರಾಂ. ಒಂದು ಕೋಳಿ ಎರಡು ಕಿಲೋ ತೂಗೋ ಹೊತ್ತಿಗೆ ಸುಮಾರು ಮೂರೂವರೆ ಕಿಲೋ ಮೇವು ತಿಂದಿರುತ್ತದೆ. ಲೆಕ್ಕ ಹಾಕಿ. ಒಂದು ಕೋಳಿಗೆ ಅದರ ಇಡೀ ಆಯುಸ್ಸಿನಲ್ಲಿ ಒಂದು ಚಿಟಿಕೆ ಉಪ್ಪಿನಷ್ಟು! ಬೇರೆ ಬಗೆಯ ಎಂಜೈಮನ್ನೂ ಸೇರಿಸುವವರಿದ್ದಾರೆ. ಅದನ್ನೂ ಕೂಡಿಸಿದರೆ ಅರ್ಧ ಟೀ ಚಮಚ ದಾಟದು.

ಇಷ್ಟು ಕಡಿಮೆ ಪುಡಿ ಸಾವಿರ ಕಿಲೋದಲ್ಲಿ ಹೇಗೆ ಬೆರೆಯುತ್ತೆ ಅಂತ ನಿಮಗೂ ಅನ್ನಿಸಿರಬಹುದು. ನಾವು ಕೇಕ್ ಹಿಟ್ಟಿಗೆ ಸೋಡಾ ಬೆರೆಸುವಾಗ ಏನು ಮಾಡ್ತೀವಿ? ಮೊದಲು ಒಂದು ಬಟ್ಟಲು ಮೈದಾಗೆ ಸೇರಿಸಿ, ಆಮೇಲೆ ಉಳಿದದ್ದಕ್ಕೆ. ಅವಳೂ ಹಾಗೇ. ಪುಡಿಯನ್ನು ಮೊದಲು ಒಂದೆರಡು ಕಿಲೋ ಜೋಳದ ನುಚ್ಚಿಗೆ ಕಲಸಿ, ಅದನ್ನು ಇನ್ನೊಂದು ಬುಟ್ಟಿಗೆ, ಆ ಬುಟ್ಟಿಯನ್ನು ದೊಡ್ಡ ಮಿಕ್ಸರ್‌ಗೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು.

ನಮ್ಮ ಅಡುಗೆಮನೆಯಲ್ಲೂ ಇದೆ

ಎಂಜೈಮ್ ಅಂದರೆ ಕಿಣ್ವ. ಹೈಸ್ಕೂಲಿನಲ್ಲಿ ಓದಿ ಮರೆತಿದ್ದೀವಿ ಅಷ್ಟೆ. ಅನ್ನದ ಅಗುಳನ್ನು ಬಾಯಲ್ಲಿ ತುಂಬಾ ಹೊತ್ತು ಅಗಿದರೆ ಸಿಹಿಯಾಗುತ್ತಲ್ಲ, ಅದು ಜೊಲ್ಲಿನಲ್ಲಿರುವ ಕಿಣ್ವದ ಕೆಲಸ. ಮಟನ್ ಬೇಗ ಬೇಯಲಿ ಅಂತ ಪರಂಗಿಕಾಯಿ ತುಂಡು ಹಾಕ್ತೀವಲ್ಲ, ಅದರ ಹಾಲಿನಲ್ಲಿರೋದೂ ಕಿಣ್ವವೇ. ಮಗುವಿಗೆ ರಾಗಿ ಸರಿ ಮಾಡಲು ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸ್ತೀವಿ. ಮೊಳಕೆ ಬಂದಾಗ ಕಾಳಿನೊಳಗೇ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಅದಕ್ಕೇ ಮೊಳಕೆ ರಾಗಿಯ ಸರಿ ಅಷ್ಟು ಗಟ್ಟಿಯಾಗಲ್ಲ, ಮಗುವಿಗೆ ಸಲೀಸಾಗಿ ಇಳಿಯುತ್ತೆ. ಬಟ್ಟೆ ಸೋಪಿನ ಪುಡಿಯಲ್ಲಿ ಕಲೆ ತೆಗೆಯಲು ಹಾಕಿರುತ್ತಾರಲ್ಲ, ಅದೂ ಇದೇ ಜಾತಿ.

ಕೋಳಿಗೆ ಹಲ್ಲಿಲ್ಲ. ಮಾಂಸದ ಅಂಗಡಿಯಲ್ಲಿ ಲಿವರ್ ಜೊತೆ ಒಂದು ಗಟ್ಟಿ ತುಂಡು ಕೊಡ್ತಾನಲ್ಲ, ಗಿಝರ್ಡ್ ಅಂತ, ಅದೇ ಅದರ ಬೀಸೋ ಕಲ್ಲು. ಅಲ್ಲಿ ಕಾಳು ಪುಡಿಯಾಗಿ ಮುಂದೆ ಹೋಗುತ್ತದೆ. ಕೋಳಿಯ ಹೊಟ್ಟೆಯಲ್ಲೂ ಅದರದೇ ಕಿಣ್ವಗಳಿವೆ, ಪಿಷ್ಟ, ಪ್ರೋಟೀನು, ಕೊಬ್ಬು ಅರಗಿಸೋಕೆ. ಆದರೆ ತಿಂದದ್ದು ಕೆಲವೇ ಗಂಟೆಗಳಲ್ಲಿ ಹೊರಗೆ. ದನದ ಹಾಗೆ ಮೆಲುಕು ಹಾಕುವ ಪುರಸೊತ್ತಿಲ್ಲ. ಕಾಳಿನ ನಾರು, ಕಾಳಿನೊಳಗೆ ಬೀಗ ಹಾಕಿಟ್ಟ ರಂಜಕ, ಇವೆರಡನ್ನು ಒಡೆಯೋ ಕಿಣ್ವ ಅದಕ್ಕೆ ಸಾಕಷ್ಟು ಇಲ್ಲ.

ಬೀಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಳುಗಳಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಪಾಲು ಫೈಟಿಕ್ ಆಮ್ಲದ ರೂಪದಲ್ಲಿ ಇರುತ್ತದೆ. ಗಿಡ ತನ್ನ ಮೊಳಕೆಗೆ ಅಂತ ಕೂಡಿಟ್ಟ ಗಂಟು ಅದು. ಸುಣ್ಣ, ಸತು, ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. (ನಮ್ಮಲ್ಲಿ ಕಾಳು ನೆನೆಸೋದು, ಮೊಳಕೆ ಕಟ್ಟೋದು, ಇಡ್ಲಿ ಹಿಟ್ಟು ಹುದುಗಿಸೋದು ಬರೀ ರುಚಿಗಲ್ಲ. ಆಗ ಈ ಗಂಟು ಸ್ವಲ್ಪ ಸಡಿಲವಾಗುತ್ತದೆ. ಅಜ್ಜಿಯರಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.) ಈ ಗಂಟು ಬಿಚ್ಚುವ ಕಿಣ್ವದ ಹೆಸರು ಫೈಟೇಸ್. ಜಪಾನಿನ ಸುಜುಕಿ ಮತ್ತು ಅವರ ಜೊತೆಗಾರರು 1907ರಲ್ಲಿ ಅಕ್ಕಿ ತೌಡಿನಲ್ಲಿ ಇದನ್ನು ಕಂಡುಕೊಂಡಿದ್ದರು. ಆದರೆ ಕೋಳಿ, ಹಂದಿ ಮೇವಿಗೆ ಬೆರೆಸುವ ಸರಕಾಗಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ನೆದರ್ಲೆಂಡ್ಸಿನಲ್ಲಿ.

ಅಲ್ಲೇ ಯಾಕೆ ಮೊದಲು? ಪುಟ್ಟ ದೇಶ, ತುಂಬಾ ಹಂದಿ, ತುಂಬಾ ಕೋಳಿ. ಅರಗದ ರಂಜಕವೆಲ್ಲ ಗೊಬ್ಬರದ ಮೂಲಕ ಹೊಲಕ್ಕೆ, ಹೊಲದಿಂದ ಕಾಲುವೆಗೆ. ನೀರಿನಲ್ಲಿ ರಂಜಕ ಹೆಚ್ಚಾದರೆ ಪಾಚಿ ಕಟ್ಟುತ್ತದೆ, ಮೀನು ಸಾಯುತ್ತದೆ. ಸರ್ಕಾರ ಬಿಗಿ ಮಾಡಿತು. ಮೇವಿಗೆ ಹೊರಗಿನ ರಂಜಕ ಸುರಿಯುವುದನ್ನು ಬಿಟ್ಟು ಕಾಳಿನಲ್ಲಿರುವುದನ್ನೇ ಬಿಡಿಸಿಕೊಂಡರೆ ಗೊಬ್ಬರದಲ್ಲಿ ಹೋಗೋದು ಕಡಿಮೆಯಾಗುತ್ತದಲ್ಲ! ನಮ್ಮಲ್ಲಿ ಇದು ಹಬ್ಬಿದ್ದಕ್ಕೆ ಕಾರಣ ಬೇರೆ, ದುಡ್ಡು. ಡಿಸಿಪಿ ತಯಾರಿಸುವ ರಂಜಕದ ಕಲ್ಲಿಗೆ ಭಾರತ ಹೆಚ್ಚಾಗಿ ಹೊರದೇಶವನ್ನೇ ನೆಚ್ಚಿಕೊಂಡಿದೆ. ನೂರು ಗ್ರಾಂ ಫೈಟೇಸ್ ಹಾಕಿದರೆ ಟನ್ನಿಗೆ ಸುಮಾರು ಐದಾರು ಕಿಲೋ ಡಿಸಿಪಿ ಕಡಿಮೆ ಮಾಡಬಹುದು. ಕೋಳಿ ಸಾಕುವ ಖರ್ಚಿನಲ್ಲಿ ನೂರಕ್ಕೆ ಅರವತ್ತೈದು ಎಪ್ಪತ್ತು ಪಾಲು ಮೇವಿನದೇ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಏರಿದ್ದು ನೆನೆಸಿಕೊಂಡರೆ ಈಗಲೂ ನಾದಿನಿ ತಲೆ ಮೇಲೆ ಕೈಯಿಟ್ಟುಕೊಳ್ತಾಳೆ. ಈಚೆಗೆ ಜೋಳ ಎಥೆನಾಲ್ ಮಾಡೋಕೂ ಹೋಗ್ತಿದೆ. ಹಾಗಾಗಿ ಒಂದೊಂದು ಕಾಳಿನ ಸಾರವನ್ನೂ ಕೋಳಿಯ ಮೈಗೆ ಹತ್ತಿಸೋದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ.

ನಾರಿನ ಕತೆ ಇನ್ನೊಂದು. ಬಾರ್ಲಿ ನೀರು ಕುದಿಸಿದಾಗ ಅಂಟಂಟಾಗುತ್ತೆ ನೋಡಿ, ಕೋಳಿಯ ಕರುಳಿನಲ್ಲೂ ಹಾಗೇ ಆಗುತ್ತದೆ. ಯೂರೋಪಿನಲ್ಲಿ ಗೋಧಿ, ಬಾರ್ಲಿ ತಿನ್ನಿಸುವುದರಿಂದ ಈ ಅಂಟಿನ ಕಾಟ ಜಾಸ್ತಿ. ಹಿಕ್ಕೆ ಒದ್ದೆ, ನೆಲದ ಹೊಟ್ಟು ಒದ್ದೆ, ಅಮೋನಿಯಾ ವಾಸನೆ, ಕೋಳಿಯ ಪಾದ ಸುಟ್ಟಂತೆ ಹುಣ್ಣು. ಆ ಲೋಳೆಯನ್ನು ಕತ್ತರಿಸುವ ಕಿಣ್ವಗಳನ್ನು ಅಲ್ಲಿ 1980ರ ದಶಕದಿಂದಲೇ ಬಳಸುತ್ತಿದ್ದಾರೆ. ನಮ್ಮ ಜೋಳ-ಸೋಯಾ ಮೇವಿನಲ್ಲಿ ಅಷ್ಟು ಅಂಟಿಲ್ಲ, ಹಾಗಾಗಿ ಲಾಭವೂ ಅಷ್ಟು ದೊಡ್ಡದಲ್ಲ. ಆದರೆ ಜೋಳ ತುಟ್ಟಿಯಾದಾಗ ಸಜ್ಜೆ, ತೌಡು, ಸೂರ್ಯಕಾಂತಿ ಹಿಂಡಿ ಬೆರೆಸಿದರೆ ಬೇಕಾಗುತ್ತದೆ. ಸೋಯಾದಲ್ಲಿ ಒಂದು ಬಗೆಯ ಸಕ್ಕರೆಯಿದೆ. ಅವರೆಕಾಳು, ಕಡಲೆಕಾಳು ತಿಂದರೆ ನಮಗೆ ಗ್ಯಾಸ್ ಆಗೋದೂ ಅದರಿಂದಲೇ. ಅದನ್ನು ಒಡೆಯೋಕೂ ಬೇರೆ ಕಿಣ್ವ ಇದೆ.

ಹಾಗಾದರೆ ನಾವು ತಿನ್ನಬಹುದಾ?

ನಿಮ್ಮ ಪ್ರಶ್ನೆ ಇದೇ ಅಂತ ಗೊತ್ತು. ನಂದೂ ಇದೇ ಆಗಿತ್ತು.

ಕಿಣ್ವ ಅಂದರೆ ಒಂದು ಪ್ರೋಟೀನು. ಕೋಳಿಯ ಕರುಳಿನಲ್ಲಿ ತನ್ನ ಕೆಲಸ ಮುಗಿಸಿ, ಬೇರೆ ಪ್ರೋಟೀನಿನ ಹಾಗೇ ತಾನೂ ಅರಗಿಹೋಗುತ್ತದೆ. ಹಾರ್ಮೋನಿನಂತೆ ರಕ್ತಕ್ಕಿಳಿದು ಮೈ ಬೆಳೆಸುವಂಥದ್ದಲ್ಲ. ಮಾಂಸಕ್ಕೆ ಬಂದು ಕೂರೋದೂ ಇಲ್ಲ. ತಯಾರಿಸೋದು ಆಸ್ಪರ್ಜಿಲಸ್, ಟ್ರೈಕೋಡರ್ಮಾದಂಥ ಬೂಷ್ಟುಗಳಿಂದ, ಕೆಲವನ್ನು ಬ್ಯಾಕ್ಟೀರಿಯಾ, ಯೀಸ್ಟಿನಿಂದ. ಹೆಚ್ಚು ಕಿಣ್ವ ಕೊಡಲಿ ಅಂತ ಈ ಸೂಕ್ಷ್ಮಜೀವಿಗಳ ಜೀನನ್ನು ಬದಲಿಸೋದೂ ಉಂಟು. ಆಮೇಲೆ ಜೀವಿಯನ್ನು ಬೇರೆ ಮಾಡಿ ಕಿಣ್ವವನ್ನಷ್ಟೇ ತೆಗೆಯುತ್ತಾರೆ. ಯೂರೋಪಿನಲ್ಲಿ ಇಂಥ ಪ್ರತಿ ಪುಡಿಯನ್ನೂ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ತೂಗಿ ನೋಡಿದ ಮೇಲೇ ಅನುಮತಿ. ತಿನ್ನುವ ನಮಗಿಂತ ಕಲಸುವವರೇ ಎಚ್ಚರವಾಗಿರಬೇಕು. ಪುಡಿಯ ಧೂಳು ಉಸಿರಿನಲ್ಲಿ ಹೋದರೆ ಅಲರ್ಜಿ, ಉಬ್ಬಸ ಬರಬಹುದು. ಅದಕ್ಕೇ ಆ ಬಟ್ಟೆ. ‘ಬಟ್ಟೆ ಸಾಲದು, ಒಳ್ಳೆ ಮಾಸ್ಕ್ ತಗೋ, ಮೊದಲು ಇದನ್ನ ಅಡುಗೆಮನೆಯಿಂದ ಆಚೆ ಇಡು’ ಅಂತ ನಾನೇ ಬೈದೆ. ಅಷ್ಟಾದರೂ ಅತ್ತಿಗೆ ಕೆಲಸ ಮಾಡಿದೆ!

‘ಅಡುಗೆಮನೇಲಿ ಯಾಕಿಟ್ಟೆ ಅಂತ ಕೇಳಿ’ ಅಂದಳು.

ಎರಡು ವರ್ಷದ ಹಿಂದಿನ ಬೇಸಿಗೆ. ಯಾರೋ ಹೇಳಿದರು ಅಂತ ಪುಡಿ ತಂದು, ಡಿಸಿಪಿ ಕಡಿಮೆ ಮಾಡಿ, ಒಡೆದ ಪ್ಯಾಕೆಟ್ಟನ್ನು ಶೀಟ್ ಹೊದಿಸಿದ ಗೋಡೌನಿನಲ್ಲೇ ಇಟ್ಟಿದ್ದಾರೆ. ಏಪ್ರಿಲ್ ಬಿಸಿಲು, ಮೇಲೆ ಒಂದು ಮಳೆ. ಶಾಖ, ತೇವ ಎರಡೂ ಸೇರಿದರೆ ಕಿಣ್ವ ಸತ್ತಂತೆ. ಮೂರನೇ ವಾರಕ್ಕೆ ಮರಿಗಳು ಕುಂಟತೊಡಗಿದವು. ಓಡಾಡಬೇಕಾದವು ಮೊಣಕಾಲ ಮೇಲೆ ಕೂತುಬಿಟ್ಟವು. ಕಾಯಿಲೆಯೇನೋ ಅಂತ ಇವರು ಹೆದರಿದರು. ಪಶುವೈದ್ಯರು ಬಂದು ಕಾಲಿನ ಮೂಳೆ ಬಗ್ಗಿಸಿ ನೋಡಿ, ಮೇವಿನ ಚೀಟಿ ಕೇಳಿ, ‘ರಂಜಕ ಸಾಲದಾಗಿದೆ’ ಅಂದರಂತೆ. ಡಿಸಿಪಿಯೂ ಕಡಿಮೆ, ಪುಡಿಯೂ ಕೆಲಸ ಮಾಡ್ತಿಲ್ಲ! ಎರಡು ಸಾವಿರದಲ್ಲಿ ಮುನ್ನೂರಕ್ಕೂ ಹೆಚ್ಚು ಹೋದವು. ಉಳಿದವಕ್ಕೆ ತೂಕ ಬರಲಿಲ್ಲ. ಸಂಘದ ಸಾಲದ ಕಂತಿಗೆ ಬಳೆ ಅಡವಿಟ್ಟಳು. ನಮಗೆ ಯಾರಿಗೂ ಹೇಳಿರಲಿಲ್ಲ. ಮದುವೆಯಲ್ಲಿ ಕೈಯಲ್ಲಿ ಗಾಜಿನ ಬಳೆ ಮಾತ್ರ ಇದ್ದದ್ದು ನಾನು ನೋಡಿದ್ದೆ, ಶೋಕಿ ಅಂದುಕೊಂಡಿದ್ದೆ.

ಅಂದಿನಿಂದ ಪ್ಯಾಕೆಟ್ ಮನೆಯ ತಂಪಾದ ಜಾಗದಲ್ಲಿ. ತಾರೀಕು ನೋಡಿ ತರುತ್ತಾರೆ, ಒಡೆದದ್ದನ್ನು ಬೇಗ ಮುಗಿಸುತ್ತಾರೆ. ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ತರಬೇತಿ ಕೊಡ್ತಾರೆ, ಅಲ್ಲಿಗೂ ಹೋಗಿ ಬಂದಿದ್ದಾಳೆ. (ಉಂಡೆಯಾಗಿ ಬರುವ ಪೆಲೆಟ್ ಮೇವಿಗೆ ಇನ್ನೊಂದು ತಾಪತ್ರಯ. ಆವಿಯಲ್ಲಿ ಎಂಬತ್ತು ತೊಂಬತ್ತು ಡಿಗ್ರಿ ಕಾಯಿಸ್ತಾರೆ, ಕಿಣ್ವ ಉಳಿಯಬೇಕಲ್ಲ. ಅದಕ್ಕೇ ಮೇಲೆ ಲೇಪ ಕೊಟ್ಟ ಪುಡಿ ಬಳಸ್ತಾರೆ, ಇಲ್ಲವೇ ಉಂಡೆ ಆರಿದ ಮೇಲೆ ದ್ರವ ಚಿಮುಕಿಸ್ತಾರೆ.)

ಇನ್ನು ಹಾರ್ಮೋನ್. ನಲವತ್ತು ದಿನಕ್ಕೆ ಎರಡು ಕಿಲೋ ಆಗುತ್ತಲ್ಲ, ಏನಾದರೂ ಚುಚ್ಚದೇ ಹೇಗೆ ಸಾಧ್ಯ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978, 2005ರ ಮೂರು ತಳಿಗಳನ್ನು ಒಂದೇ ಮೇವು ಹಾಕಿ ಸಾಕಿ ನೋಡಿದರು. 2014ರಲ್ಲಿ ಪ್ರಕಟವಾಯಿತು. ಐವತ್ತಾರನೇ ದಿನಕ್ಕೆ 1957ರ ಕೋಳಿ 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ! ಮೇವು ಅದೇ. ಬದಲಾದದ್ದು ತಳಿ. ತಲೆಮಾರಿನಿಂದ ತಲೆಮಾರಿಗೆ ಬೇಗ ಬೆಳೆಯುವುದನ್ನೇ ಆರಿಸಿಕೊಂಡು ಬಂದದ್ದರ ಫಲ. ಎರಡು ಸಾವಿರ ಕೋಳಿಗೆ ಒಂದೊಂದಾಗಿ ಹಿಡಿದು ದಿನಾ ಬೆಳವಣಿಗೆಯ ಹಾರ್ಮೋನ್ ಚುಚ್ಚುತ್ತಾ ಕೂತರೆ ಆ ಖರ್ಚು ಕೋಳಿ ಮಾರಿದರೂ ಹುಟ್ಟಲ್ಲ. ಮರಿಗಳಿಗೆ ಹಾಕೋದು ರಾಣಿಖೇತ್, ಗಂಬೋರೊ ರೋಗಗಳ ಲಸಿಕೆ, ಅದೂ ಹೆಚ್ಚಾಗಿ ಕಣ್ಣಿಗೆ ಹನಿ ಇಲ್ಲವೇ ಕುಡಿಯೋ ನೀರಿನಲ್ಲಿ. ಇಷ್ಟು ಬೇಗ ಬೆಳೆಯುವ ಜೀವಕ್ಕೆ ಕಾಲು, ಹೃದಯದ ತೊಂದರೆ ಇಲ್ಲದಿಲ್ಲ. ಅದನ್ನು ಮುಚ್ಚಿಡಬೇಕಿಲ್ಲ. ಆ ತಳಿಯೇ ಬೇಡ ಅನ್ನುವವರಿಗೆ ನಾಟಿ ಕೋಳಿ, ಗಿರಿರಾಜ ಇವೆ. ಬೆಲೆ ಹೆಚ್ಚು, ಬೇಯೋದು ನಿಧಾನ.

ಹೆದರಬೇಕಾದ್ದು ಬೇರೆ

ನಿಜವಾಗಿ ಕೇಳಬೇಕಾದ ಪ್ರಶ್ನೆ ಆಂಟಿಬಯೋಟಿಕ್ ಬಗ್ಗೆ. ಕಾಯಿಲೆಗಲ್ಲದೆ ಬರೀ ಬೆಳೆಯಲಿ ಅಂತ ಮೇವಿಗೆ ಅದನ್ನು ಬೆರೆಸುವುದನ್ನು ಯೂರೋಪು 2006ರ ಜನವರಿಯಿಂದ ನಿಲ್ಲಿಸಿತು. 2014ರಲ್ಲಿ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) ದೆಹಲಿ ಸುತ್ತಮುತ್ತ 70 ಕೋಳಿ ಮಾದರಿ ಪರೀಕ್ಷಿಸಿದಾಗ ನೂರಕ್ಕೆ 40ರಲ್ಲಿ ಆಂಟಿಬಯೋಟಿಕ್ ಉಳಿಕೆ ಸಿಕ್ಕಿತ್ತು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ನನ್ನು ಕೋಳಿ, ದನಗಳಿಗೆ ಬಳಸದಂತೆ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಆಂಟಿಬಯೋಟಿಕ್ ಬಳಕೆ ಹೆಚ್ಚಿದಷ್ಟೂ ಅದಕ್ಕೆ ಬಗ್ಗದ ರೋಗಾಣು ಬೆಳೆಯುತ್ತದೆ. ನಾಳೆ ನಮ್ಮ ಮಗುವಿನ ಜ್ವರಕ್ಕೆ ಔಷಧಿ ನಾಟದಿದ್ದರೆ? ಇದರಲ್ಲಿ ನಮ್ಮ ಪುಡಿ ಸ್ವಲ್ಪ ಸಹಾಯಕ್ಕೇ ಬರುತ್ತದೆ. ಅರಗದೆ ಉಳಿದ ಮೇವೇ ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳ ಊಟ. ಅದು ಕಡಿಮೆಯಾದರೆ ಅವುಗಳ ಹಾವಳಿಯೂ ಕಡಿಮೆ. ಹಾಗಂತ ಎಂಜೈಮ್ ಔಷಧಿಯಲ್ಲ. ಶೆಡ್ ಗಲೀಜಾಗಿದ್ದರೆ ಯಾವ ಪುಡಿಯೂ ಕಾಯಲ್ಲ.

ಹಾಗಾಗಿ ಅಂಗಡಿಯಲ್ಲಿ ‘ಪುಡಿ ಹಾಕಿದ್ದಾ?’ ಅಂತ ಕೇಳೋದು ಬಿಟ್ಟು, ಯಾವ ಫಾರಂನದು, ಆಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟು ದಿನ ಬಿಟ್ಟು ಮಾರಿದ್ದಾರೆ ಅಂತ ಕೇಳಿ. ಮೊದಲ ದಿನ ಅವನು ನಗುತ್ತಾನೆ. ಹತ್ತು ಜನ ಕೇಳಿದರೆ ಅವನೂ ತನಗೆ ಕೊಡುವವರನ್ನು ಕೇಳ್ತಾನೆ. ಕತ್ತರಿಸುವ ಮರದ ದಿಮ್ಮಿ, ಕತ್ತಿ, ನೀರಿನ ಬಕೆಟ್ ನೋಡಿ. ಮನೆಗೆ ತಂದ ಮೇಲೆ ನಲ್ಲಿ ಕೆಳಗೆ ಜೋರಾಗಿ ತೊಳೆಯಬೇಡಿ. ಹಸಿ ಕೋಳಿಯಲ್ಲಿರುವ ರೋಗಾಣು ಸಿಡಿದು ಪಕ್ಕದಲ್ಲಿಟ್ಟ ಕೋಸಂಬರಿ ಸೌತೆಕಾಯಿಗೆ ಹತ್ತುತ್ತದೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಪಾತ್ರೆಯಲ್ಲಿ ನಿಧಾನವಾಗಿ ಅದ್ದಿ ತೆಗೆದು, ಸಿಂಕನ್ನು ಸೋಪು ಹಾಕಿ ಉಜ್ಜಿ. ಕೋಳಿಗೂ ತರಕಾರಿಗೂ ಬೇರೆ ಬೇರೆ ಮಣೆ. ಮೂಳೆ ಪಕ್ಕದ ಮಾಂಸ ಗುಲಾಬಿ ಬಣ್ಣ ಇರದಂತೆ ಬೇಯಿಸಿ. ಬ್ರಾಯ್ಲರ್ ಎಳೆ ಕೋಳಿ, ಪರಂಗಿಕಾಯಿ ಖಂಡಿತ ಬೇಡ, ಮಾಂಸ ಹಿಟ್ಟಾಗಿಬಿಡುತ್ತೆ.

ತಾರಸಿಯಲ್ಲಿ ನಾಲ್ಕು ಕೋಳಿ ಸಾಕಿರುವವರು ಈ ಪ್ಯಾಕೆಟ್ ಹುಡುಕಿಕೊಂಡು ಹೋಗಬೇಡಿ. ನೂರು ಗ್ರಾಂ ನಿಮಗೆ ಮುಗಿಯೋ ಮೊದಲೇ ಕೆಡುತ್ತದೆ. ಕಾಳನ್ನು ರಾತ್ರಿ ನೆನೆಸಿ, ಮೊಳಕೆ ಬಂದದ್ದನ್ನು ಸ್ವಲ್ಪ ಹಾಕಿ, ಸಾಕು.

ಹೊರಡುವ ದಿನ ನಾನೇ ಮಾತು ತೆಗೆದೆ. ‘ಅವತ್ತು ಪಂಕ್ತೀಲಿ...’ ಅಂದೆ. ಮುಂದೆ ಹೋಗಲಿಲ್ಲ. ಅವಳು ತಿಂಡಿ ಡಬ್ಬಕ್ಕೆ ಮುಚ್ಚಳ ಹಾಕುತ್ತಿದ್ದಳು. ‘ಬಿಡಿ ಅತ್ತಿಗೆ. ನೀವೊಬ್ರೇ ಅಲ್ಲ, ಊರೆಲ್ಲ ಅಂತಾರೆ. ನಮ್ಮನೇವ್ರೇ ಅಂದ್ರಲ್ಲ ಅಂತ ಆಯ್ತು.’ ಅತ್ತೆ ಒಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳದವರಂತೆ ಕೂತಿದ್ದರು.

ಮೊನ್ನೆ ಫೋನ್ ಬಂತು. ‘ಅತ್ತಿಗೆ, ಇಪ್ಪತ್ತಕ್ಕೆ ಲೋಡ್ ಹೋಗುತ್ತೆ. ಎರಡು ಎತ್ತಿಟ್ಟಿರ್ತೀನಿ, ಭಾನುವಾರ ಅಣ್ಣನ್ನ ಕಳಿಸಿ. ಪುಟ್ಟಿಗೆ ಹೇಳಿ, ಪುಡಿ ಹಾಕಿದ್ದೇ ಅಂತ.’ ನಕ್ಕಳು. ಪುಟ್ಟಿಗೆ ಹೇಳಿದೆ. ‘ಲೆಗ್ ಪೀಸ್ ಎರಡೂ ನಂಗೇ’ ಅಂದಳು.